ಸೈಬರ್‌ನಲ್ಲಿ ಬಿಟ್ಟು ಬಂದ ಬಿಲ್ಲುಗಾರ್ತಿ

ಜಾತ್ರೆಗೆ ಮುಂಚೆ ನಮ್ಮ ಮುಡುಕುತೊರೆಯ ಮನೆಗಳಿಗೆಲ್ಲ ಸುಣ್ಣ ಆಗಬೇಕು. ಮಾಘ ಮಾಸದಲ್ಲಿ ಮಲ್ಲಿಕಾರ್ಜುನಸ್ವಾಮಿಯ ತೇರು, ಬೆಟ್ಟದ ಕೆಳಗೆ ದನಗಳ ಜಾತ್ರೆ, ಮನೆ ತುಂಬ ನೆಂಟರು. ಹಾಗೆ ಒಂದು ವರ್ಷ ಅಟ್ಟ ಖಾಲಿ ಮಾಡುವಾಗ ಹಳೇ ಟ್ರಂಕಿನಲ್ಲಿ ನನ್ನ ಒಂಬತ್ತನೇ ಕ್ಲಾಸಿನ ಸಮಾಜ ವಿಜ್ಞಾನದ ನೋಟ್ ಬುಕ್ ಸಿಕ್ಕಿತು. ಮುಂದಿನಿಂದ ತೆಗೆದರೆ ತಲಕಾಡಿನ ಗಂಗರು, ಅವರ ರಾಜಧಾನಿ, ಅವರ ಲಾಂಛನ. ಹಿಂದಿನಿಂದ ತೆಗೆದರೆ ಬೇರೆಯೇ ಇತಿಹಾಸ:

“ಓಬವ್ವ. ಲೆವೆಲ್ 6. ಚಿನ್ನ 1,140. ಕೆಂಪು ಬಾಟ್ಲಿ 5. ಎರಡನೇ ಅಂತಸ್ತು. ಕಟುಕನ ಬಾಗಿಲು ತೆಗೆದಿಲ್ಲ. ಮುಂದಿನ ಶನಿವಾರ.”

ಮುಂದಿನ ಶನಿವಾರ ಬಂತು. ಓಬವ್ವ ಇರಲಿಲ್ಲ.

ಈ ಓಬವ್ವ ಚಿತ್ರದುರ್ಗದವಳಲ್ಲ. 2004ರಲ್ಲಿ ಟಿ. ನರಸೀಪುರದ ಒಂದು ಸೈಬರ್ ಸೆಂಟರಿನ ಮೂರನೇ ನಂಬರ್ ಕಂಪ್ಯೂಟರಿನಲ್ಲಿ ವಾಸವಿದ್ದ ಬಿಲ್ಲುಗಾರ್ತಿ. ಆಟದ ಹೆಸರು ಡಯಾಬ್ಲೊ. ಆಕೆಗೆ ಹೆಸರಿಟ್ಟವಳು ನನ್ನ ತಂಗಿ. ತಂಗಿ ಆ ಸೈಬರ್ ಒಳಗೆ ಒಂದು ದಿನವೂ ಕಾಲಿಟ್ಟವಳಲ್ಲ. ಹೆಣ್ಣುಮಕ್ಕಳು ಅಲ್ಲಿಗೆ ಬರುತ್ತಿದ್ದದ್ದು ಪಿಯುಸಿ, ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಲಿಕ್ಕೆ ಮಾತ್ರ, ಅದೂ ಅಪ್ಪನ ಜೊತೆ.

ಈಗ ಯೂಟ್ಯೂಬ್ ತೆಗೆದರೆ ಹಳೆಯ ಕಂಪ್ಯೂಟರ್ ಆಟಗಳ ಬಗ್ಗೆ ಕಣ್ಣೀರು ಹಾಕುವವರು ಬೇಕಾದಷ್ಟು ಜನ ಸಿಗುತ್ತಾರೆ. “ಆ ಕಾಲವೇ ಕಾಲ” ಅನ್ನುತ್ತಾರೆ. ಅವರ ನೆನಪಿನಲ್ಲಿ ಆಟದ ಕೊನೆ ಇದೆ, ಗೆದ್ದ ರಾತ್ರಿ ಇದೆ. ನಮ್ಮ ಕಡೆಯ ಹುಡುಗರ ನೆನಪಿನಲ್ಲಿ ಇರುವುದು ಬರೀ ಶುರು. ಯಾಕೆ ಹಾಗಾಯಿತು ಅಂತ ಹೇಳಬೇಕಾದರೆ ಆ ಆಟಗಳು ಎಲ್ಲಿಂದ ಹೊರಟು ನರಸೀಪುರಕ್ಕೆ ಹೇಗೆ ಬಂದವು ಅನ್ನುವುದನ್ನು ಸ್ವಲ್ಪ ಹೇಳಬೇಕು.

ಮೊದಲು, ಇದು ಯಾವ ಜಾತಿಯ ಆಟ? ಇಂಗ್ಲಿಷಿನಲ್ಲಿ ರೋಲ್ ಪ್ಲೇಯಿಂಗ್ ಗೇಮ್ ಅನ್ನುತ್ತಾರೆ, ಚಿಕ್ಕದಾಗಿ ಆರ್‌ಪಿಜಿ. ಪಾತ್ರ ಮಾಡುವ ಆಟ. ಮೈಸೂರು, ಮಂಡ್ಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳುವ ಕಷ್ಟವೇ ಇಲ್ಲ. ನಮ್ಮ ಊರುಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡುವಾಗ ಏನು ಮಾಡುತ್ತಾರೆ? ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ, ಪಾತ್ರಗಳ ಪಟ್ಟಿ ಹಾಕುತ್ತಾರೆ, ಒಂದೊಂದು ಪಾತ್ರಕ್ಕೆ ಒಂದೊಂದು ರೇಟು. ದುರ್ಯೋಧನ, ಕೃಷ್ಣನಿಗೆ ಜಾಸ್ತಿ, ದ್ವಾರಪಾಲಕನಿಗೆ ಕಮ್ಮಿ. ಕೈಯಿಂದ ದುಡ್ಡು ಹಾಕಿ, ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸ್ ಮಾಡಿ, ಒಂದು ರಾತ್ರಿ ಬೆಳಗಾಗುವವರೆಗೆ ಕರ್ಣನಾಗುತ್ತಾರೆ. ಇಪ್ಪತ್ತು ವರ್ಷ ಆದಮೇಲೂ ಟೀ ಅಂಗಡಿಯಲ್ಲಿ “ಆ ವರ್ಷ ನಾನು ಕರ್ಣ” ಅಂತಲೇ ಮಾತು ಶುರುವಾಗುವುದು. ಆರ್‌ಪಿಜಿ ಅಂದರೆ ಹೆಚ್ಚು ಕಡಿಮೆ ಇದೇ. ಒಂದೇ ವ್ಯತ್ಯಾಸ, ಕರ್ಣನ ಮಾತು ಮೊದಲೇ ಬರೆದಿಟ್ಟಿರುತ್ತದೆ. ಆಟದಲ್ಲಿ ಕರ್ಣ ಪಾಂಡವರ ಕಡೆ ಹೋಗುತ್ತಾನೋ ಇಲ್ಲವೋ ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ.

ಇದರ ಮೂಲಪುರುಷ ಅಂತ ಹೆಸರಾದವರಲ್ಲಿ ಒಬ್ಬರು ಅಮೆರಿಕದ ಲೇಕ್ ಜಿನೀವಾ ಅನ್ನುವ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್. ಇನ್ಶೂರೆನ್ಸ್ ಕಂಪನಿಯ ಕೆಲಸ ಹೋದಮೇಲೆ ಮನೆಯಲ್ಲೇ ಬೂಟು ಚಪ್ಪಲಿ ರಿಪೇರಿ ಮಾಡಿಕೊಂಡಿದ್ದ ಮನುಷ್ಯ. ಡೇವ್ ಆರ್ನೆಸನ್ ಅನ್ನುವ ಇನ್ನೊಬ್ಬರ ಜೊತೆ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ತಂದರು. ಮೊದಲು ಅಚ್ಚಾದದ್ದು 1,000 ಪ್ರತಿ. ಕಂಪ್ಯೂಟರ್ ಇಲ್ಲ. ಕಾಗದ, ಪೆನ್ಸಿಲ್, ದಾಳ. ಒಬ್ಬ ಕತೆ ನಡೆಸುತ್ತಾನೆ, ನಮ್ಮ ಹಾರ್ಮೋನಿಯಂ ಮೇಷ್ಟ್ರ ಹಾಗೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಪಾತ್ರಕ್ಕೆ ಬಲ ಎಷ್ಟು, ಬುದ್ಧಿ ಎಷ್ಟು, ಗಾಯ ಎಷ್ಟು ತಡೆಯುತ್ತದೆ, ಎಲ್ಲಕ್ಕೂ ಅಂಕಿ. ಆಡುತ್ತ ಆಡುತ್ತ ಅನುಭವ ಬಂದಂತೆ ಅಂಕಿ ಏರುತ್ತದೆ. ಅದಕ್ಕೇ ಲೆವೆಲ್ ಅನ್ನುವುದು.

ಅಂಕಿ ಬಂತು ಅಂದಮೇಲೆ ಕಂಪ್ಯೂಟರ್ ಬರದೆ ಇರುತ್ತದೆಯೇ? ಮರುವರ್ಷವೇ, 1975ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಅಂಥ ಆಟ ಹುಟ್ಟಿತು. ಅದು ಪಾಠ ಹೇಳಿಕೊಡಲಿಕ್ಕೆ ಇದ್ದ ವ್ಯವಸ್ಥೆ, ಆಡಲಿಕ್ಕಲ್ಲ. ರಸ್ಟಿ ರದರ್‌ಫರ್ಡ್ ಎಂಬುವರು ಜನಸಂಖ್ಯೆ ಮತ್ತು ಇಂಧನದ ಅಧ್ಯಯನ ಮಾಡುವ ವಿಭಾಗದಲ್ಲಿದ್ದರು. ಆ ವಿಭಾಗಕ್ಕೆ ಕೊಟ್ಟಿದ್ದ ಜಾಗಗಳಲ್ಲಿ ಒಂದರ ಹೆಸರು ‘ಪೆಡಿಟ್5’. ಆಟ ಬರೆದು ಅದರೊಳಗೆ ತುರುಕಿದರು. ಹೊರಗಿನಿಂದ ನೋಡಿದರೆ ಯಾವುದೋ ಸಂಶೋಧನೆಯ ಕಡತ. ಒಳಗೆ ಹೋದರೆ ನೆಲಮಾಳಿಗೆ, ರಾಕ್ಷಸರು, ಚಿನ್ನ. ಹುಡುಗರು ಮುಗಿಬಿದ್ದರು. ಮೇಲ್ವಿಚಾರಕರಿಗೆ ಗೊತ್ತಾಗಿ ಆಟವನ್ನು ಅಳಿಸಿಹಾಕಿದರು. ಮತ್ತೆ ಬಂತು. ಹಾಗೆ ಅಳಿಸುತ್ತ ಹಾಕುತ್ತ ಉಳಿದುಕೊಂಡ ಆಟ ಅದು.

ಇದನ್ನು ಓದಿದಾಗ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ ಹೇಳಲಾರೆ. ಈ ವಂಶದ ಮೊದಮೊದಲ ಆಟವೇ ಬೇರೆಯವರ ಕಂಪ್ಯೂಟರಿನಲ್ಲಿ ಕದ್ದು ಆಡಿದ್ದು, ಅಳಿಸಿಹೋದದ್ದು. ನಾವು ನರಸೀಪುರದಲ್ಲಿ ಮಾಡಿದ್ದು ಹೊಸದೇನಲ್ಲ.

ಆಮೇಲಿನ ಕತೆ ಬೇಗ ಹೇಳುತ್ತೇನೆ. ಟೆಕ್ಸಾಸಿನಲ್ಲಿ ಹೈಸ್ಕೂಲ್ ಓದುತ್ತಿದ್ದ ರಿಚರ್ಡ್ ಗ್ಯಾರಿಯಟ್ ತಾನು ಬರೆದ ಆಟದ ಫ್ಲಾಪಿಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ಅಂಗಡಿಯಲ್ಲೇ ಮಾರಿದ. 1981ರಲ್ಲಿ ಅವನದೇ ‘ಅಲ್ಟಿಮಾ’, ಕಾರ್ನೆಲ್‌ನ ಇಬ್ಬರು ವಿದ್ಯಾರ್ಥಿಗಳ ‘ವಿಝಾರ್ಡ್ರಿ’ ಬಂದವು. ಅದಕ್ಕೂ ಮುಂಚೆ 1980ರಲ್ಲಿ ಕ್ಯಾಲಿಫೋರ್ನಿಯಾದ ಕಾಲೇಜು ಹುಡುಗರು ‘ರೋಗ್’ ಬರೆದರು. ಅದರಲ್ಲಿ ನೆಲಮಾಳಿಗೆಯ ದಾರಿ ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ. ಪಾತ್ರ ಸತ್ತರೆ ಮುಗಿಯಿತು, ಮೊದಲಿನಿಂದ ಶುರು.

ಜಪಾನಿನ ಕತೆಯನ್ನು ಮಾತ್ರ ಬಿಡುವ ಹಾಗಿಲ್ಲ. 1986ರಲ್ಲಿ ಅಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಬಂತು, ಟಿವಿಗೆ ಸಿಕ್ಕಿಸಿ ಆಡುವ ಕ್ಯಾಸೆಟ್ ಆಟ. ಆ ಕ್ಯಾಸೆಟ್ಟಿಗೆ ನೆನಪಿನ ಶಕ್ತಿ ಇರಲಿಲ್ಲ. ಸ್ವಿಚ್ ಆರಿಸಿದರೆ ಎಲ್ಲ ಹೋಯಿತು. ಅದಕ್ಕೆ ಅವರು ಒಂದು ಉಪಾಯ ಮಾಡಿದರು. ಆಟ ನಿಲ್ಲಿಸುವಾಗ ರಾಜ ನಿಮಗೆ 20 ಅಕ್ಷರದ ಒಂದು ಮಂತ್ರ ಹೇಳುತ್ತಾನೆ. ಅರ್ಥ ಇಲ್ಲದ ಅಕ್ಷರಗಳು. ಅದರ ಹೆಸರೇ ಮರಳಿ ಜೀವ ಬರಿಸುವ ಮಂತ್ರ. ಮಕ್ಕಳು ಅದನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಂಡು ಮರುದಿನ ಒತ್ತಿದರೆ ಬಿಟ್ಟ ಜಾಗದಿಂದ ಆಟ ಶುರು. ಎರಡನೇ ಭಾಗದಲ್ಲಿ ಮಂತ್ರ 52 ಅಕ್ಷರದವರೆಗೆ ಬೆಳೆಯಿತು. ಒಂದು ಅಕ್ಷರ ತಪ್ಪಾಗಿ ಬರೆದುಕೊಂಡ ಹುಡುಗನ ಗತಿ ಯೋಚಿಸಿ. ಈಗ ಅಜ್ಜ ಆಗುವ ವಯಸ್ಸಿನ ಜಪಾನಿಗಳು ಆ ಆಟದ ಬಗ್ಗೆ ಮಾತಾಡುವಾಗ ಮೊದಲು ನೆನೆಯುವುದು ತಪ್ಪು ಬರೆದ ಆ ಅಕ್ಷರವನ್ನೇ.

ನೋಡಿ, ಇಲ್ಲಿ ಒಂದು ವಿಷಯ ಇದೆ. ಚೌಕಾಬಾರ ಆಡುತ್ತೇವೆ, ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು. ಆಟ ಮುಗಿದಮೇಲೆ ಅವ್ವ ನೀರು ಹಾಕಿ ಸಾರಿಸಿದರೆ ಯಾರಿಗೂ ಬೇಜಾರಿಲ್ಲ. ನಾಳೆ ಇನ್ನೊಂದು ಬರೆದರಾಯಿತು. ಆದರೆ ಪಾತ್ರ ಬೆಳೆಸುವ ಆಟ ಹಾಗಲ್ಲ. ಅದು ಐವತ್ತು, ಅರವತ್ತು ಗಂಟೆಯ ಬೇಸಾಯ. ನಿನ್ನೆ ಬಿಟ್ಟ ಜಾಗ ಇವತ್ತು ಅಲ್ಲೇ ಇರಬೇಕು. ಅಂದರೆ ಆಡುವವನಿಗೆ ಸ್ವಂತದ ಒಂದು ಮೂಲೆ ಬೇಕು, ಯಾರೂ ಮುಟ್ಟದ ಒಂದು ಕಂಪ್ಯೂಟರ್ ಬೇಕು.

ನಮ್ಮ ಕಡೆಯ ಬಹಳ ಜನ ಮೊದಲು ಕಂಪ್ಯೂಟರ್ ನೋಡಿದ್ದು ತಾಲ್ಲೂಕು ಕಚೇರಿಯಲ್ಲಿ. 2001ರ ಸುಮಾರಿಗೆ ಸರ್ಕಾರದ ಭೂಮಿ ಯೋಜನೆ ಬಂತಲ್ಲ, ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲಿ ಪ್ರಿಂಟ್ ಹಾಕಿ ಕೊಡುತ್ತಿದ್ದರು. ನಮ್ಮಪ್ಪನ ಜೊತೆ ಹೋಗಿದ್ದೆ. ಅಪ್ಪ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, “ಕರೆಂಟ್ ಹೋದ್ರೆ ನಮ್ಮ ಜಮೀನು ಇರ್ತದಾ?” ಅಂತ ಕೇಳಿದರು. ಕೌಂಟರಿನವರು ನಕ್ಕರು. ನಾನೂ ನಕ್ಕೆ. ಮೂರು ವರ್ಷ ಆದಮೇಲೆ ಆ ಪ್ರಶ್ನೆ ಎಷ್ಟು ಸರಿಯಾಗಿತ್ತು ಅಂತ ನನಗೇ ಗೊತ್ತಾಯಿತು.

ಎರಡನೇ ಕಂಪ್ಯೂಟರ್ ಸೈಬರ್‌ನದು. ನಾನು ಹೋಗುತ್ತಿದ್ದ ಸೈಬರ್ ಬಸ್ ಸ್ಟ್ಯಾಂಡಿಗೆ ಹತ್ತಿರ, ಮಹಡಿ ಮೇಲೆ. ಐದು ಕಂಪ್ಯೂಟರ್, ನಡುವೆ ಪ್ಲೈವುಡ್ ತಡಿಕೆ. ಗಂಟೆಗೆ 20 ರೂಪಾಯಿ. ಬಾಗಿಲಲ್ಲಿ ರಿಜಿಸ್ಟರ್, ಅದರಲ್ಲಿ ಹೆಸರು, ಊರು, ಟೈಮು ಬರೆಯಬೇಕು. ಮುಂದಿನ ಕಂಪ್ಯೂಟರಿನಲ್ಲಿ ಒಬ್ಬರು ನುಡಿ, ಬರಹ ತಂತ್ರಾಂಶದಲ್ಲಿ ಮದುವೆ ಕಾರ್ಡು, ಅರ್ಜಿ ಕುಟ್ಟುತ್ತಿದ್ದರು. ಹಿಂದಿನ ಮೂರರಲ್ಲಿ ಆಟ.

ಆಟಗಳು ಬರುತ್ತಿದ್ದದ್ದು ಬೆಂಗಳೂರಿನಿಂದ. ಮೆಜೆಸ್ಟಿಕ್ ಹತ್ತಿರ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಆ ಕಾಲಕ್ಕೆ ಕಳ್ಳ ಸಿ.ಡಿ.ಗಳ ತವರು. ಯಾರೋ ಒಬ್ಬ ಇಂಜಿನಿಯರಿಂಗ್ ಓದುವ ಅಣ್ಣ ರಜಕ್ಕೆ ಬರುವಾಗ ತರುತ್ತಿದ್ದ. ಬಿಳಿ ಕವರಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು. ಅಸಲಿ ಡಬ್ಬಿ, ಅದರೊಳಗಿನ ಪುಸ್ತಕ, ನಕ್ಷೆ ಹೇಗಿರುತ್ತದೆ ಅಂತ ನಾವು ಯಾರೂ ನೋಡಿದವರಲ್ಲ. ಹಾಗಾಗಿ ಆಡುವುದು ಹೇಗೆ ಅನ್ನುವುದೂ ಊಹೆಯ ಮೇಲೆ.

ಡಯಾಬ್ಲೊ ಅಮೆರಿಕದಲ್ಲಿ ಬಂದದ್ದು 1996ರ ಕೊನೆಯಲ್ಲಿ. ಅದನ್ನು ಕಲ್ಪಿಸಿದ ಡೇವಿಡ್ ಬ್ರೆವಿಕ್ ಮನೆ ಹತ್ತಿರ ಒಂದು ಬೆಟ್ಟ ಇದೆ, ಮೌಂಟ್ ಡಯಾಬ್ಲೊ ಅಂತ. ಆ ಹೆಸರನ್ನೇ ಆಟಕ್ಕಿಟ್ಟ. (ನಮ್ಮೂರಿನ ಹುಡುಗ ಯಾರಾದರೂ ಆಟ ಮಾಡಿದ್ದರೆ ‘ಸೋಮಗಿರಿ’ ಆಗುತ್ತಿತ್ತು.) ನಮ್ಮ ಕೈಗೆ ಬರುವ ಹೊತ್ತಿಗೆ ಅದಕ್ಕೆ ಏಳೆಂಟು ವರ್ಷ ವಯಸ್ಸು, ಪಟ್ಟಣದ ಹುಡುಗರು ಆಡಿ ಬಿಟ್ಟಿದ್ದರು. ಆದರೆ ಸೈಬರ್‌ನ ಹಳೇ ವಿಂಡೋಸ್ 98 ಕಂಪ್ಯೂಟರಿನಲ್ಲಿ ಓಡುತ್ತಿದ್ದದ್ದು ಅಂಥವೇ.

ಕತೆ ಇಷ್ಟು. ಟ್ರಿಸ್ಟ್ರಮ್ ಅಂತ ಒಂದು ಸಣ್ಣ ಹಳ್ಳಿ. ಊರಾಚೆ ಹಾಳು ಚರ್ಚು. ಅದರ ಕೆಳಗೆ 16 ಅಂತಸ್ತು, ಇಳಿಯುತ್ತ ಹೋದಂತೆ ಕೆಟ್ಟದ್ದು, ಕೊನೆಯಲ್ಲಿ ಸೈತಾನ. ಪರದೇಶದ ಕತೆಯಾದರೂ ನನಗೆ ಇದು ವಿಚಿತ್ರ ಅನ್ನಿಸಲಿಲ್ಲ. ನಮ್ಮೂರಿಂದ ಕೂಗಳತೆಯ ತಲಕಾಡಿನಲ್ಲಿ ಪಾತಾಳೇಶ್ವರನ ಗುಡಿಗೆ ಹೋಗಬೇಕಾದರೆ ಮರಳ ದಿಬ್ಬದ ನಡುವೆ ಮೆಟ್ಟಿಲಿಳಿದೇ ಹೋಗಬೇಕು. ಒಬ್ಬ ಹೆಂಗಸಿನ ಶಾಪದಿಂದ ಊರಿಗೆ ಊರೇ ಮರಳಲ್ಲಿ ಮುಚ್ಚಿತು ಅನ್ನುವ ಕತೆ ಕೇಳಿ ಬೆಳೆದವರು ನಾವು. ಗುಡಿಯ ಕೆಳಗೆ ಇನ್ನೊಂದು ಗುಡಿ ಇರುತ್ತದೆ ಅಂತ ನಮ್ಮ ಕಡೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಟದ ಹಳ್ಳಿಯಲ್ಲೂ ನಮಗೆ ಗುರುತಿರುವ ಜನವೇ. ಕಮ್ಮಾರ ಗ್ರಿಸ್ವೋಲ್ಡ್. ಔಷಧಿ ಕೊಡುವ ಪೆಪಿನ್. ಕತೆ ಹೇಳುವ ಮುದುಕ ಕೇನ್. ಯಾವಾಗಲೂ ಕುಡಿದು ಬಿದ್ದಿರುವ ಫಾರ್ನ್‌ಹ್ಯಾಮ್. ಒಂದು ಕಾಲಿಗೆ ಮರದ ಕಾಲು ಹಾಕಿಕೊಂಡ ವರ್ಟ್ ಎಂಬ ಹುಡುಗ, ಮಾಲು ತೋರಿಸಲಿಕ್ಕೇ 50 ಚಿನ್ನ ಕೇಳುವ ಕಿಲಾಡಿ. ಹಿನ್ನೆಲೆಯಲ್ಲಿ ಒಂದು ಗಿಟಾರ್. ಆ ಗಿಟಾರ್ ಈಗ ಕೇಳಿದರೂ ನನಗೆ ಸೈಬರ್‌ನ ಪ್ಲೈವುಡ್ ವಾಸನೆ ಬರುತ್ತದೆ.

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ನರಸೀಪುರದ ಬಸ್ ಹತ್ತಿ ಹೋಗುತ್ತಿದ್ದೆ. ಕೈಯಲ್ಲಿ 40 ರೂಪಾಯಿ ಇದ್ದರೆ ಎರಡು ಗಂಟೆ. ಅದರಲ್ಲಿ ಕರೆಂಟ್ ಹೋಗುವುದು ಒಂದು ಸಲವಾದರೂ ಗ್ಯಾರಂಟಿ. ಯುಪಿಎಸ್ ಇದ್ದದ್ದು ಮದುವೆ ಕಾರ್ಡಿನ ಕಂಪ್ಯೂಟರಿಗೆ ಮಾತ್ರ. ಸಂಜೆ ಮನೆಗೆ ಬಂದರೆ ತಂಗಿ ಹಿತ್ತಿಲಲ್ಲಿ ಕೂತು ಕಾಯುತ್ತಿದ್ದಳು. “ಏನಾಯ್ತಣ್ಣ?” ನಾನು ಹೇಳುತ್ತಿದ್ದೆ, ಅವಳು ನೋಟ್ ಬುಕ್ಕಿನ ಹಿಂದೆ ಬರೆದುಕೊಳ್ಳುತ್ತಿದ್ದಳು. ಆ ಅಕ್ಷರ ನನ್ನದಲ್ಲ, ಅವಳದು. ಮುಂದೆ ಏನು ಮಾಡಬೇಕು ಅಂತ ತೀರ್ಮಾನ ಮಾಡುತ್ತಿದ್ದವಳೂ ಅವಳೇ. “ಕಟುಕನ ಬಾಗ್ಲು ಈಗ್ಲೇ ತೆಗೀಬೇಡ. ಇನ್ನೊಂದು ಐದು ಬಾಟ್ಲಿ ಆಗ್ಲಿ.” ಎರಡನೇ ಅಂತಸ್ತಿನಲ್ಲಿ ಒಂದು ಕೋಣೆ, ಒಳಗೆ ದೊಡ್ಡ ಮಚ್ಚು ಹಿಡಿದ ಕಟುಕ. ಬಾಗಿಲು ತೆಗೆದರೆ ಹಿಂದೆ ಬಿದ್ದು ಕೊಲ್ಲುತ್ತಾನೆ. ಈ ಆಟ ಆಡಿದ ಯಾರನ್ನಾದರೂ ಕೇಳಿ, ಮೊದಲು ಸತ್ತದ್ದು ಅವನ ಕೈಯಲ್ಲೇ.

ನಾವು ಆ ಬಾಗಿಲನ್ನು ದಾಟಲೇ ಇಲ್ಲ. ಯಾಕೆಂದರೆ ಓಬವ್ವ ಉಳಿಯುತ್ತಿರಲಿಲ್ಲ. ಒಂದು ಸಲ ಯಾರೋ ಹುಡುಗ ನಮ್ಮ ಓಬವ್ವನನ್ನು ತೆರೆದು ಆಡಿ, ಬಿಲ್ಲು ಮಾರಿ, ಬಾಟ್ಲಿ ಎಲ್ಲ ಕುಡಿದು, ಹಾಗೇ ಸೇವ್ ಮಾಡಿ ಹೋಗಿದ್ದ. ತಂಗಿ ಎರಡು ದಿನ ಅವನನ್ನು ಬೈದಳು, ಹೆಸರು ಗೊತ್ತಿಲ್ಲದೆ. ಇನ್ನೊಂದು ಸಲ ವೈರಸ್ ಬಂತು ಅಂತ ಸೈಬರ್‌ನವರು ಮೂರನೇ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದರು. ಅವರನ್ನು ಬೈಯುವಂತಿಲ್ಲ. ಅವರ ಅಂಗಡಿ, ಅವರ ಹೊಟ್ಟೆಪಾಡು.

ಮೂರನೇ ಸಲಕ್ಕೆ ಬುದ್ಧಿ ಬಂತು. ಇಂಜಿನಿಯರಿಂಗ್ ಅಣ್ಣ ಹೇಳಿಕೊಟ್ಟ: ಓಬವ್ವ ಇರುವುದು ಒಂದು ಸಣ್ಣ ಫೈಲಿನಲ್ಲಿ, ಅದನ್ನು ಫ್ಲಾಪಿಗೆ ಹಾಕಿಕೊ. ಫ್ಲಾಪಿ ಅಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಅಂಗೈಯಗಲದ ಕಪ್ಪು ಚೌಕ, 1.44 ಎಂಬಿ. ಈಗ ನೀವು ವಾಟ್ಸಾಪಿನಲ್ಲಿ ಕಳಿಸುವ ಒಂದು ಗುಡ್ ಮಾರ್ನಿಂಗ್ ವಿಡಿಯೊ ಅದರಲ್ಲಿ ಹಿಡಿಸದು. ಆ ಫ್ಲಾಪಿಯನ್ನು ಟಿಫಿನ್ ಬಾಕ್ಸಿಗೆ ಹಾಕಿ, ಮೇಲೆ ಬಟ್ಟೆ ಸುತ್ತಿ, ವಾರ ವಾರ ಬಸ್ಸಿನಲ್ಲಿ ಓಬವ್ವನನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬಂದೆ. ಮನೆಯಲ್ಲಿ ಇದ್ದಷ್ಟು ದಿನ ದೇವರ ಗೂಡಿನ ಪಕ್ಕ. ತಂಗಿ ಒಂದು ದಿನ ಅದಕ್ಕೆ ಕುಂಕುಮ ಇಟ್ಟಿದ್ದಳು. ನಾನು ಒರೆಸಿದೆ. ಕುಂಕುಮದ ಪುಡಿಯೋ, ಬಸ್ಸಿನ ದೂಳೋ, ಬಿಸಿಲೋ, ಐದನೇ ವಾರ ಫ್ಲಾಪಿ ಕರಕರ ಅಂತು. ಓದಲಾಗುತ್ತಿಲ್ಲ ಅಂತ ಒಂದು ಸಾಲು ಬಂತು.

ನೋಟ್ ಬುಕ್ಕಿನ ಕೊನೆಯ ಬರಹ ಅಲ್ಲಿಗೇ ನಿಂತಿದೆ. ಲೆವೆಲ್ 6, ಚಿನ್ನ 1,140. ಜಪಾನಿನ ಹುಡುಗನಿಗೆ ನೋಟ್ ಬುಕ್ಕಿನ ಅಕ್ಷರ ಒತ್ತಿದರೆ ಪಾತ್ರ ಎದ್ದು ಬರುತ್ತಿತ್ತು. ನಮ್ಮ ಆಟಕ್ಕೆ ಆ ಮಂತ್ರ ಇರಲಿಲ್ಲ.

‘ಬಾಲ್ಡರ್ಸ್ ಗೇಟ್’ ಅಂತ ಇನ್ನೊಂದು ಆಟ ಆ ಸೈಬರ್‌ನಲ್ಲಿತ್ತು. 1998ರದು, ಕೆನಡಾದ ಬಯೋವೇರ್ ಕಂಪನಿಯದು. ಆ ಕಂಪನಿ ಕಟ್ಟಿದವರಲ್ಲಿ ಮೂವರು ಡಾಕ್ಟರ್‌ಗಳು. ಐದು ಸಿ.ಡಿ.ಯ ಭಾರೀ ಆಟ. ಹಳೆಯ ಆಟ ಅಂದರೆ ಇದೇ ಅಂತ ಬಹಳ ಜನ ಈಗಲೂ ಆಣೆ ಹಾಕುತ್ತಾರೆ. ನಾನು ಅದರಲ್ಲಿ ಕಂಡದ್ದು ಮೊದಲ ಊರು ಕ್ಯಾಂಡಲ್‌ಕೀಪ್ ಮತ್ತು ಅದರಾಚೆ ಒಂದಿಷ್ಟು ಕಾಡು. ಒಂದು ಸಿ.ಡಿ. ಗೀರು ಬಿದ್ದು ಕೆಟ್ಟಿತ್ತು, ಅದನ್ನು ಕೇಳುವ ಜಾಗಕ್ಕೆ ಹೋದರೆ ಆಟ ನಿಲ್ಲುತ್ತಿತ್ತು. ಅದಕ್ಕಿಂತ ದೊಡ್ಡ ತಡೆ ಭಾಷೆ. ಡಯಾಬ್ಲೊದಲ್ಲಿ ಹೊಡೆದುಕೊಂಡು ಹೋಗಬಹುದು. ಇದರಲ್ಲಿ ಓದಬೇಕು. ಪುಟಗಟ್ಟಲೆ ಮಾತು. ಇದರ ಜೊತೆಗಾರ ಆಟ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ನಲ್ಲಿ ಸುಮಾರು 8 ಲಕ್ಷ ಪದ ಇದೆ ಅನ್ನುತ್ತಾರೆ. ಕನ್ನಡ ಮೀಡಿಯಂ ಹುಡುಗ, ಪಾಠದ ಇಂಗ್ಲಿಷನ್ನೇ ಉರು ಹೊಡೆದು ಪಾಸಾಗುವವನು, ಗಂಟೆಗೆ 20 ರೂಪಾಯಿ ಕೊಟ್ಟು ಡಿಕ್ಷನರಿ ನೋಡಿಕೊಂಡು ಎಷ್ಟು ಓದಿಯಾನು? ಉತ್ತರ ಆರಿಸು ಅಂತ ಮೂರು ಸಾಲು ಬಂದರೆ ನಾವು ಯಾವಾಗಲೂ ಮೊದಲನೆಯದನ್ನು ಒತ್ತುತ್ತಿದ್ದೆವು. ಪಾತ್ರ ಮಾಡುವ ಆಟದಲ್ಲಿ ನಮ್ಮ ಪಾತ್ರ ಏನು ಮಾತಾಡುತ್ತಿದೆ ಅಂತ ನಮಗೇ ಗೊತ್ತಿರಲಿಲ್ಲ. ಅದೇ ಸೈಬರ್‌ನಲ್ಲಿ ಐದಡಿ ದೂರದ ಇನ್ನೊಂದು ಕಂಪ್ಯೂಟರಿನಲ್ಲಿ ಕನ್ನಡ ಅಚ್ಚಾಗಿ ಹೊರಬೀಳುತ್ತಿತ್ತು ಅನ್ನುವುದನ್ನು ಮರೆಯಬೇಡಿ. ಯಂತ್ರಕ್ಕೆ ಕನ್ನಡ ಬರುತ್ತಿತ್ತು.

ಇಲ್ಲಿ ಪೋಲೆಂಡಿನ ಕತೆ ಹೇಳದೆ ಮುಂದೆ ಹೋಗಲಾರೆ. ತೊಂಬತ್ತರ ದಶಕದ ವಾರ್ಸಾ ನಗರದಲ್ಲೂ ನಮ್ಮ ನ್ಯಾಷನಲ್ ಮಾರ್ಕೆಟಿನಂಥದ್ದೇ ಬೀದಿ ಸಂತೆ, ಕಳ್ಳ ಆಟಗಳ ವ್ಯಾಪಾರ. ಆ ಲೋಕದಲ್ಲೇ ಬೆಳೆದ ಇಬ್ಬರು ಹುಡುಗರು, ಮಾರ್ಚಿನ್ ಇವಿನ್‌ಸ್ಕಿ ಮತ್ತು ಮಿಹಾವ್ ಕಿಚಿನ್‌ಸ್ಕಿ, 1994ರಲ್ಲಿ ಒಂದು ಕಂಪನಿ ಶುರು ಮಾಡಿದರು, ಸಿಡಿ ಪ್ರಾಜೆಕ್ಟ್ ಅಂತ. 1999ರಲ್ಲಿ ಅವರು ಇದೇ ಬಾಲ್ಡರ್ಸ್ ಗೇಟನ್ನು ಪೂರ್ತಿ ಪೋಲಿಷ್ ಭಾಷೆಗೆ ತಂದರು. ಬರಹ ಮಾತ್ರವಲ್ಲ, ತಮ್ಮ ದೇಶದ ಹೆಸರಾಂತ ನಟರನ್ನು ಕರೆಸಿ ಮಾತಾಡಿಸಿದರು. ಡಬ್ಬಿಯೊಳಗೆ ನಕ್ಷೆ, ನಿಯಮದ ಪುಸ್ತಕ, ಹಾಡಿನ ಸಿ.ಡಿ. ಇಟ್ಟರು. ಕಳ್ಳ ಸಿ.ಡಿ. ಕೊಡಲಾಗದ್ದನ್ನು ಕೊಟ್ಟರೆ ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ ಅನ್ನುವುದು ಅವರ ಲೆಕ್ಕ. ಮೊದಲ ದಿನವೇ 18,000 ಡಬ್ಬಿ ಹೋಯಿತು. ಅದೇ ಕಂಪನಿ ಮುಂದೆ, 2007ರಲ್ಲಿ, ತಮ್ಮ ದೇಶದ ಲೇಖಕ ಆಂದ್ಜೆಯ್ ಸಾಪ್ಕೊವ್‌ಸ್ಕಿಯ ಕತೆಗಳ ಮೇಲೆ ‘ದಿ ವಿಚರ್’ ಆಟ ಮಾಡಿತು. ಅವರ ಹಳ್ಳಿಯ ದೆವ್ವ ಭೂತಗಳನ್ನು ಇವತ್ತು ಪ್ರಪಂಚ ಆಡುತ್ತಿದೆ.

ಬೆಂಗಳೂರಿಗೆ ಬುದ್ಧಿವಂತರ ಕೊರತೆ ಇತ್ತೇ? 1997ರಲ್ಲೇ ಅಲ್ಲಿ ಧ್ರುವ ಇಂಟರ್‌ಆಕ್ಟಿವ್ ಅನ್ನುವ ಆಟದ ಕಂಪನಿ ಹುಟ್ಟಿತ್ತು, ದೇಶದ ಮೊದಮೊದಲಿನವುಗಳಲ್ಲಿ ಒಂದು. ಪರದೇಶದ ದೊಡ್ಡ ಆಟಗಳಿಗೆ ಚಿತ್ರ, ಕಾರು, ಕಟ್ಟಡ ಮಾಡಿಕೊಟ್ಟು ಹೆಸರಾಯಿತು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಕೊಂಡುಕೊಂಡಿತು. ಕೆಲಸ ಇಲ್ಲಿಯದು, ಕತೆ ಅಲ್ಲಿಯದು. ಅವರನ್ನು ದೂರುವುದರಲ್ಲಿ ಅರ್ಥ ಇಲ್ಲ, ಕನ್ನಡದ ಆಟಕ್ಕೆ ದುಡ್ಡು ಕೊಡುವವರು ಯಾರು ಅಂತ ಅವರು ಕೇಳಬಹುದು. ವಾರ್ಸಾದಲ್ಲೂ 1999ಕ್ಕೆ ಮುಂಚೆ ಜನ ಅದೇ ಪ್ರಶ್ನೆ ಕೇಳುತ್ತಿದ್ದರು. 2023ರಲ್ಲಿ ‘ಬಾಲ್ಡರ್ಸ್ ಗೇಟ್ 3’ ಬಂತು. ಪೋಲಿಷ್, ಟರ್ಕಿಷ್, ಉಕ್ರೇನಿಯನ್, ಕೊರಿಯನ್ ಎಲ್ಲ ಇವೆ. ಭಾರತದ ಭಾಷೆ ಒಂದೂ ಇಲ್ಲ. ನೆನಪಿನ ಮೇಲೆಯೇ ಈಗ ಕೋಟಿಗಟ್ಟಲೆ ವ್ಯವಹಾರ ನಡೆಯುತ್ತದೆ. 2012ರಲ್ಲಿ ಹಳೆಯ ಬಾಲ್ಡರ್ಸ್ ಗೇಟ್ ಥರದ ಆಟ ಮಾಡುತ್ತೇವೆ ಅಂತ ಒಂದು ಕಂಪನಿ ಚಂದಾ ಕೇಳಿದ್ದಕ್ಕೆ ಜನ ಸುಮಾರು 40 ಲಕ್ಷ ಡಾಲರ್ ಕೊಟ್ಟರು. ಆ ಚಂದಾ ಕೊಟ್ಟವರಿಗೆ ಮನೆಯಲ್ಲಿ ಸ್ವಂತ ಕಂಪ್ಯೂಟರಿನ ಬಾಲ್ಯ ಇತ್ತು. ನಮ್ಮಂಥವರ ನೆನಪಿಗೆ ಆ ಲೆಕ್ಕದಲ್ಲಿ ಜಾಗ ಇಲ್ಲ.

ಆದರೂ ನನಗೆ ನೆನಪು ಇಲ್ಲ ಅಂತ ಹೇಳಲಾರೆ. 2019ರ ಮಾರ್ಚಿನಲ್ಲಿ ಹಳೆಯ ಡಯಾಬ್ಲೊವನ್ನು ಇದೇ ಪೋಲೆಂಡಿನವರ ಅಂಗಡಿ, ಜಿಒಜಿ, ಮತ್ತೆ ಮಾರಾಟಕ್ಕೆ ತಂದಿತು. ಮೊದಲ ಸಲ ದುಡ್ಡು ಕೊಟ್ಟು ಆ ಆಟ ಕೊಂಡೆ. ಲ್ಯಾಪ್‌ಟಾಪ್ ನನ್ನದು, ಕರೆಂಟ್ ಹೋದರೆ ಬ್ಯಾಟರಿ ಇದೆ, ಮುಟ್ಟುವವರು ಯಾರೂ ಇಲ್ಲ. ಹೆಸರು ಕೇಳಿದಾಗ ಇಂಗ್ಲಿಷ್ ಅಕ್ಷರದಲ್ಲಿ ಓಬವ್ವ ಅಂತ ಒತ್ತಿದೆ. ಅದೇ ಗಿಟಾರ್, ಅದೇ ಕಮ್ಮಾರ, ಅದೇ ಮರದ ಕಾಲಿನ ಹುಡುಗ. ನಾಲ್ಕನೇ ದಿನ ಕಟುಕನ ಬಾಗಿಲು ತೆಗೆದೆ, ಹದಿನೈದು ವರ್ಷ ತಡವಾಗಿ. ಕೈ ನಡುಗಿದ್ದು ಸುಳ್ಳಲ್ಲ. ಅದಾದಮೇಲೆ ಮೂರನೇ ಅಂತಸ್ತು. ಅಲ್ಲಿಂದ ಮುಂದೆ ಕಂಡದ್ದೆಲ್ಲ ಹೊಸದು. ಎರಡು ತಿಂಗಳಿಗೆ ಹದಿನಾರೂ ಮುಗಿಯಿತು.

ಆಮೇಲೆ ಎರಡನೇ ಭಾಗ ಹಾಕಿಕೊಂಡೆ, ಅದು 2000ದಲ್ಲಿ ಬಂದದ್ದು. ನರಸೀಪುರದ ಸೈಬರ್‌ಗೆ ಅದು ಬಂದೇ ಇರಲಿಲ್ಲ. ಅದರಲ್ಲಿ ಒಂದು ಕಡೆ ಟ್ರಿಸ್ಟ್ರಮ್ ಮತ್ತೆ ಬರುತ್ತದೆ. ಊರು ಸುಟ್ಟು ಹೋಗಿರುತ್ತದೆ. ಕಮ್ಮಾರ ಗ್ರಿಸ್ವೋಲ್ಡ್ ಪಿಶಾಚಿಯಾಗಿ ಮೇಲೆ ಬೀಳುತ್ತಾನೆ, ಅವನನ್ನೇ ಕೊಲ್ಲಬೇಕು. ಕತೆ ಹೇಳುವ ಮುದುಕ ಪಂಜರದಲ್ಲಿರುತ್ತಾನೆ. ವರ್ಟ್ ಹುಡುಗನ ಹೆಣ ನೆಲದ ಮೇಲೆ, ಪಕ್ಕಕ್ಕೆ ಅವನ ಮರದ ಕಾಲು. ಆಡಿದವರಿಗೆಲ್ಲ ಇದು ಇಪ್ಪತ್ತು ವರ್ಷದ ಹಿಂದೆಯೇ ಗೊತ್ತಿತ್ತು. ನನಗೆ ಆವತ್ತು ಗೊತ್ತಾಯಿತು. ಲ್ಯಾಪ್‌ಟಾಪ್ ಮುಚ್ಚಿ ಹೊಳೆ ಕಡೆ ಹೋದೆ.

ಕಾವೇರಿ ನಮ್ಮೂರಲ್ಲಿ ಮುಡುಕಿಕೊಂಡು ಹರಿಯುತ್ತದೆ, ಅದಕ್ಕೇ ಊರಿಗೆ ಆ ಹೆಸರು. ಆ ತಿರುವಿನ ಮೆಟ್ಟಿಲ ಮೇಲೆ ಕೂತು ಯೋಚನೆ ಮಾಡಿದೆ. ತಂಗಿ ಈಗ ನಂಜನಗೂಡಿನಲ್ಲಿದ್ದಾಳೆ, ಎರಡು ಮಕ್ಕಳು. ಫ್ಲಾಪಿ ಕೆಟ್ಟ ದಿನ ಅವಳು ಅತ್ತಿರಲಿಲ್ಲ. ಓಬವ್ವನ ಬಗ್ಗೆ ಕೇಳಲೂ ಇಲ್ಲ. “ಆ ಊರವ್ರೆಲ್ಲ ಏನಾದ್ರೋ ಏನೋ” ಅಂದಿದ್ದಳು ಅಷ್ಟೇ.

ಈ ವರ್ಷ ಜಾತ್ರೆಗೆ ಬಂದಾಗ ನೋಟ್ ಬುಕ್ ತೋರಿಸಿದೆ. ತನ್ನ ಅಕ್ಷರ ನೋಡಿ ನಕ್ಕಳು. ಮಗಳನ್ನು ಕರೆದು, “ನೋಡು, ನಿಂಗೆ ಮಲಗೋವಾಗ ಹೇಳ್ತೀನಲ್ಲ ಆ ಮರದ ಕಾಲಿನ ಹುಡುಗ, ಇವನೇ” ಅಂತ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಮಗಳು ನನ್ನ ಕಡೆ ತಿರುಗಿ ಕೇಳಿತು, “ಮಾವ, ಆ ಹುಡುಗ ಆಮೇಲೆ ಅಂಗಡಿ ದೊಡ್ಡದು ಮಾಡ್ದ ಅಂತೆ, ಹೌದಾ?”

ತಂಗಿ ನನ್ನ ಮುಖ ನೋಡಿದಳು.

“ಹೂಂ ಮಗ” ಅಂದೆ. “ನರಸೀಪುರದಲ್ಲೂ ಒಂದು ಇಟ್ಟಿದ್ದಾನಂತೆ.”